ಸೌಂಡ್‌ನವನ ಕಿವಿಯಲ್ಲಿ ಪ್ಲಗ್: ಬಹಳ ದಿನ ಬಳಸಿ ಬರೆದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಈ ಇಯರ್‌ಪ್ಲಗ್ ಹಾಕಿಕೊಂಡು ಕೇಳುವುದು ಸುಖ, ಮಾತಾಡುವುದು ಹಿಂಸೆ. ಲೈವ್ ಸೌಂಡ್ ಕೆಲಸದಲ್ಲಿ ಅರ್ಧ ಕೇಳುವುದು, ಇನ್ನರ್ಧ ಮಾತಾಡುವುದು. ಹಾಗಾಗಿ ಈ ಪ್ಲಗ್ ಜೊತೆ ನನ್ನದು ದಿನಾ ಜಗಳ, ದಿನಾ ರಾಜಿ.

ನಾನು ಡೊಂಬಿವಲಿಯವನು. ಮುಂಬೈ, ಠಾಣೆ ಕಡೆಯ ಕನ್ನಡ ಸಂಘಗಳ ನಾಟಕ, ಮಳೆಗಾಲದಲ್ಲಿ ಊರಿಂದ ಬರುವ ಯಕ್ಷಗಾನ ಮೇಳ, ಗಣಪತಿ ಮಂಡಳಿಗಳ ಆರ್ಕೆಸ್ಟ್ರಾ, ಮದುವೆ ಮನೆಯ ಸಂಗೀತ್. ಇವೇ ನನ್ನ ಹೊಟ್ಟೆಪಾಡು. ಮೈಕುಗಳ ಸದ್ದು ಬೆರೆಸುವ ಮಿಕ್ಸರ್ ಮತ್ತು ಒಂದಿಷ್ಟು ಮೈಕ್ ಸ್ವಂತದ್ದು. ಸ್ಪೀಕರ್, ಆಂಪ್ (ಆಂಪ್ಲಿಫೈಯರ್) ಎಲ್ಲ ಬಾಡಿಗೆ. ಪ್ಲಗ್ ಅಂದರೆ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್, ಮೂರು ಬಳೆ ಇರುವಂಥದ್ದು, 20 ಡೆಸಿಬಲ್ ತಗ್ಗಿಸುತ್ತದೆ ಅಂತ ಡಬ್ಬಿ ಮೇಲೆ ಇದೆ. ಮಾರುವವರು ತೋರಿಸುವ ಗ್ರಾಫ್, ಪ್ರಮಾಣಪತ್ರದ ವಿಷಯ ಬಿಡಿ. ಬ್ರ್ಯಾಂಡ್ ಹೆಸರೂ ಬರೆಯುವುದಿಲ್ಲ. ಇದೇ ಆಕಾರದ್ದು ಸುಮಾರು ಕಂಪನಿಗಳು ಮಾಡುತ್ತವೆ, ನಾನು ಹೇಳುವ ಗುಣ ದೋಷ ಎರಡೂ ಈ ಜಾತಿಯದ್ದೇ.

ತೆಗೆದುಕೊಂಡದ್ದು ಚೆಂಡೆಯ ಕಾರಣಕ್ಕೆ. ಊರಲ್ಲಿ ಬಯಲಾಟ ಅಂದರೆ ಗದ್ದೆ ಬಯಲು, ಸದ್ದು ಹರಡಿ ಹೋಗುತ್ತದೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮುಂಬೈಯ ಹಾಲ್‌ನಲ್ಲಿ ಆ ಸೌಕರ್ಯ ಇಲ್ಲ. ನಾಲ್ಕು ಗೋಡೆ, ತಗ್ಗಿದ ಸೀಲಿಂಗ್, ವೇದಿಕೆ ಬದಿಯ ವಿಂಗ್‌ನಲ್ಲಿ ನನ್ನ ಮಿಕ್ಸರ್, ಅದರ ಪಕ್ಕದಲ್ಲೇ ಚೆಂಡೆ. ಸಣ್ಣ ಹಾಲ್‌ನಲ್ಲಿ ಚೆಂಡೆಗೆ ಮೈಕೇ ಬೇಡ. ಭಾಗವತರ ಮೈಕಿಗೆ ಅದು ತಾನಾಗಿ ಬಂದು ಬೀಳುತ್ತದೆ. ಶೂರ್ ಎಸ್‌ಎಂ58 ಥರದ ಮೈಕ್ ಹಿಂಬದಿಯ ಸದ್ದು ಕಡಿಮೆ ಹಿಡಿಯುತ್ತದೆ ಅಲ್ವಾ, ಅದರ ಬೆನ್ನು ಚೆಂಡೆ ಕಡೆ ಇರುವಂತೆ ಸ್ಟ್ಯಾಂಡ್ ತಿರುಗಿಸಿ ಹೇಗೋ ಮೈಕನ್ನು ಸಂಭಾಳಿಸಬಹುದು. ನನ್ನ ಕಿವಿಯನ್ನು ಯಾವ ಕಡೆ ತಿರುಗಿಸಲಿ?

ಮೊದಲು ಹತ್ತಿಪ್ಪತ್ತು ರೂಪಾಯಿಯ ಹಳದಿ ಫೋಮ್ ಪ್ಲಗ್ ಬಳಸುತ್ತಿದ್ದೆ. ಸದ್ದು ತಡೆಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಅದು ತಾರ ಭಾಗವನ್ನು ಮಂದ್ರಕ್ಕಿಂತ ಜಾಸ್ತಿ ತಿನ್ನುತ್ತದೆ. ಜಾಗಟೆ, ಗೆಜ್ಜೆ, ಮಾತಿನ ಸ-ಷ-ಚ ಎಲ್ಲ ಮಾಯ. ಎಲ್ಲವೂ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಫಿಲ್ಟರ್ ಪ್ಲಗ್‌ನಲ್ಲಿ ನಡುವೆ ಒಂದು ಸಣ್ಣ ಕೊಳವೆ, ತೆಳು ಪರದೆ ಇರುತ್ತದೆ. ನಮ್ಮ ಕಿವಿಯ ದಾರಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಳಿಗೆ. ಅದು 2700 ಹರ್ಟ್ಸ್ ಆಸುಪಾಸಿನಲ್ಲಿ ಸದ್ದನ್ನು ತಾನೇ ಏರಿಸಿ ಕೊಡುತ್ತದೆ. ಬೆಣೆ ಹೊಡೆದ ಹಾಗೆ ಮುಚ್ಚಿಬಿಟ್ಟರೆ ಆ ಏರಿಕೆ ಹೋಗುತ್ತದೆ. ಅದನ್ನು ವಾಪಸ್ ಕೊಡುವುದೇ ಈ ಫಿಲ್ಟರಿನ ಕೆಲಸ. ಹಾಗಾಗಿ ಸದ್ದಿನ ಬಣ್ಣ ಕೆಡದೆ ಬರೀ ವಾಲ್ಯೂಮ್ ತಗ್ಗಿದಂತೆ ಕೇಳುತ್ತದೆ.

ಹಾಕಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಸುಮ್ನೆ ಒತ್ತಿದರೆ ಆಗುವುದಿಲ್ಲ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಆಗ ಒಳಗಿನ ಡೊಂಕು ನೇರವಾಗುತ್ತದೆ. ತುದಿಗೆ ಒಂದು ಹನಿ ನೀರು ಸವರಿ, ಮೆಲ್ಲಗೆ ತಿರುಗಿಸುತ್ತಾ ತಳ್ಳಬೇಕು. ಸರಿಯಾಗಿ ಕೂತರೆ ಹಾಲ್‌ನ ಏಸಿ ಸದ್ದು ತಟ್ಟಂತ ದೂರ ಹೋಗುತ್ತದೆ. ಸಡಿಲ ಕೂತರೆ ಡಬ್ಬಿ ಮೇಲಿನ 20 ಬರೀ ಕಾಗದದ ಮೇಲಷ್ಟೇ. ಅಂಗೈಯಿಂದ ಕಿವಿಯನ್ನು ಹೊರಗೆ ಮುಚ್ಚಿ ನೋಡಿ. ಮುಚ್ಚಿದಾಗ ಸದ್ದು ಇನ್ನೂ ಬಹಳ ಕಡಿಮೆಯಾದರೆ ಪ್ಲಗ್ ಸರಿ ಕೂತಿಲ್ಲ ಅಂತಲೇ ಅರ್ಥ.

ರಾತ್ರಿ ಮನೆಗೆ ಬಂದಮೇಲೆ ತೊಳೆಯುವ ಕೆಲಸ. ಚಹಾಕ್ಕೆ ನೀರಿಟ್ಟು, ಅದರಲ್ಲೇ ಎರಡು ಚಮಚ ಬೆಚ್ಚಗಿನ ನೀರು ಬಟ್ಟಲಿಗೆ ತೆಗೆಯುತ್ತೇನೆ. ಫಿಲ್ಟರ್ ಎರಡನ್ನೂ ಮೊದಲೇ ಕಳಚಿ ಡಬ್ಬಿಯ ಮುಚ್ಚಳದಲ್ಲಿ ಇಡುವುದು, ಅದಕ್ಕೆ ನೀರು ತಾಗಬಾರದು. ಸಿಲಿಕೋನನ್ನು ಮಗುವಿಗೆ ಹಚ್ಚುವ ಸೋಪಿನಲ್ಲಿ ಉಜ್ಜಿ, ಹಳೇ ಪೇಪರ್ ಮೇಲೆ ಫ್ರಿಜ್ಜಿನ ತಲೆ ಮೇಲೆ ಒಣಗಲು ಬಿಡುವುದು. ಬೆಳಿಗ್ಗೆ ಪೂರ್ತಿ ಒಣಗಿದ ಮೇಲಷ್ಟೇ ಫಿಲ್ಟರ್. ಜುಲೈ, ಆಗಸ್ಟ್‌ನಲ್ಲಿ ಮುಂಬೈಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಒದ್ದೆ ಪ್ಲಗ್ ಹಾಕಿಕೊಂಡರೆ ಕಿವಿಗೂ ಹಿಡಿಯುತ್ತದೆ, ಇಎನ್‌ಟಿ ಡಾಕ್ಟರ ಬಳಿ ಈ ಕಾಲದಲ್ಲಿ ಅದೇ ಕಾಯಿಲೆಯವರ ಸಾಲು. ನನ್ನ ಮನೆಯವಳಿಗೆ ಫ್ರಿಜ್ಜಿನ ಮೇಲಿನ ಈ ಪ್ರದರ್ಶನ ಇಷ್ಟ ಇಲ್ಲ. ಹಾಲಿನ ಪ್ಯಾಕೆಟ್ ತೆಗೆಯುವಾಗ ಒಂದು ಸಲ ಫಿಲ್ಟರ್ ಉರುಳಿ ಹೋಗಿ, ಇಡೀ ಅಡುಗೆಮನೆ ಗುಡಿಸಿದ್ದಾಯಿತು.

ಈಗ ಮಾತಿನ ಹಿಂಸೆ. ಕಿವಿ ಮುಚ್ಚಿದಾಗ ನಮ್ಮದೇ ದನಿ ಮೂಳೆಯ ಮೂಲಕ ಕಿವಿಯ ದಾರಿಗೆ ಬಂದು, ಹೊರಗೆ ಹೋಗಲಾರದೆ ಅಲ್ಲೇ ಗುಂಯ್‌ಗುಡುತ್ತದೆ. ಅದರಲ್ಲೂ ಮಂದ್ರ ಭಾಗ. ಬಾವಿಯೊಳಗೆ ಕೂತು ಮಾತಾಡಿದ ಹಾಗೆ. ನಮ್ಮ ದನಿ ನಮಗೇ ಜೋರಾಗಿ ಕೇಳುವುದರಿಂದ ಗೊತ್ತಿಲ್ಲದೆ ಮೆಲ್ಲಗೆ ಮಾತಾಡುತ್ತೇವೆ. ಎದುರಿನವರಿಗೆ ಏನೂ ಕೇಳುವುದಿಲ್ಲ. ನಾನು ಜನರೇಟರ್‌ನವನಿಗೆ ಹಿಂದಿಯಲ್ಲಿ, ಡೆಕೋರೇಟರ್‌ಗೆ ಮರಾಠಿಯಲ್ಲಿ, ಮೇಳದವರಿಗೆ ಕನ್ನಡದಲ್ಲಿ ಕೂಗಬೇಕಾದ ಮನುಷ್ಯ. ಮೂರು ಭಾಷೆಯಲ್ಲೂ ಒಂದೇ ಉತ್ತರ: "ಏನು?"

ಭಾಗವತರು ತಾಳದ ನಡುವೆ ತಿರುಗಿ, "ಮಾರಾಯ್ರೆ, ಮಾನಿಟರಿಗೆ ಸ್ವಲ್ಪ ಶ್ರುತಿ ಕೊಡಿ" ಅಂದರು. (ಮಾನಿಟರ್ ಅಂದರೆ ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್.) ಅವರ ಮಾತು ನನಗೆ ನೀಟಾಗಿ ಕೇಳಿತು. "ಕೊಟ್ಟೆ, ಈಗ ಸಾಕಾ?" ಅಂದೆ. ಅವರಿಗೆ ನನ್ನ ತುಟಿ ಆಡಿದ್ದು ಮಾತ್ರ ಕಂಡಿತು. ಮತ್ತೆ ಕೈಸನ್ನೆ. ಈಗ ನಾನೂ ನನ್ನ ಜೊತೆ ಕೆಲಸ ಮಾಡುವ ಹುಡುಗರೂ ಸನ್ನೆ ಮಾಡಿಕೊಂಡಿದ್ದೇವೆ: ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ, ಗಂಟಲು ಮುಟ್ಟಿದರೆ ಹಾಡಿನ ಮೈಕ್, ಎದೆ ಮುಟ್ಟಿದರೆ ಕಾಲರ್ ಮೈಕ್. ಕೆಲಸ ನಡೆಯುತ್ತದೆ. ಆದರೆ ಎರಡು ಸಾವಿರದ ಹತ್ತಿರ ದುಡ್ಡು ಕೊಟ್ಟು ಮೂಕನಾಗುವುದು ಅಂದರೆ ಸಿಟ್ಟು ಬರುತ್ತದೆ. ಆ ದುಡ್ಡಿಗೆ ನಾಲ್ಕು ಒಳ್ಳೆ ಕೇಬಲ್ ಬರುತ್ತಿದ್ದವು.

ಇದಕ್ಕೆ ಪೂರ್ತಿ ಮದ್ದಿಲ್ಲ, ಅರ್ಧ ಮದ್ದಿದೆ. ಪ್ಲಗ್ ಎಷ್ಟು ಒಳಗೆ ಹೋಗುತ್ತದೋ ಅಷ್ಟು ಗುಂಯ್ ಕಡಿಮೆ. ಮೂರನೇ ಬಳೆಯ ತನಕ ಕೂರಿಸಿದರೆ ನನ್ನ ದನಿ ಮೊದಲಿನಷ್ಟು ತಲೆ ತಿನ್ನುವುದಿಲ್ಲ. ಆದರೂ ಪ್ಲಗ್ ಹಾಕಿಕೊಂಡು ವಡಾಪಾವ್ ತಿನ್ನಬೇಡಿ. ದವಡೆಯ ಸದ್ದು ಕೇಳಿದರೆ ಹಸಿವೆ ಹೋಗುತ್ತದೆ.

ಇನ್ನೊಂದು ಕಷ್ಟ, ಜನ ನೋಡುವ ನೋಟ. ಮಂಡಳಿಯ ಅಧ್ಯಕ್ಷರು ಬಂದು, "ಏನ್ರೀ, ಸೌಂಡ್‌ನವರೇ ಕಿವಿ ಮುಚ್ಚಿಕೊಂಡಿದ್ದೀರಿ, ನಮ್ಮ ಗತಿ ಏನು?" ಅಂತ ನಗುತ್ತಲೇ ಕೇಳಿದರು. ನಗು ಸರಿ, ಪ್ರಶ್ನೆಯೂ ಸರಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಾರ್ಯಕ್ರಮಗಳಿಗೆ ಒಂದು ಮಿತಿ ಹೇಳಿತು: ಸರಾಸರಿ 100 ಡೆಸಿಬಲ್ ದಾಟಬಾರದು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಲೆಕ್ಕ ಇನ್ನೂ ಬಿಗಿ: 85ಕ್ಕೆ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಪ್ರೇಕ್ಷಕ ಒಂದು ಸಂಜೆ ಬಂದು ಹೋಗುತ್ತಾನೆ. ನಾನು ಗಣಪತಿಯ ದಿನಗಳಲ್ಲಿ ಪ್ರತಿ ಸಂಜೆ ಅಲ್ಲೇ ಇರುತ್ತೇನೆ. ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಜೀವಕೋಶಗಳು ಸುಮಾರು 15 ಸಾವಿರ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಧ್ಯಕ್ಷರಿಗೆ ಇಷ್ಟೆಲ್ಲ ಹೇಳಲಿಲ್ಲ. ಸ್ಪೀಕರ್ ಎದುರಿನ ಮೊದಲ ಸಾಲಿನ ಕುರ್ಚಿ ಸ್ವಲ್ಪ ಹಿಂದೆ ಸರಿಸಿ ಅಂದೆ. ಸರಿಸಲಿಲ್ಲ, ಅಲ್ಲಿ ನಗರಸೇವಕರು (ಕಾರ್ಪೊರೇಟರ್) ಕೂರುತ್ತಾರಂತೆ.

ಮಿಕ್ಸ್ ಮಾಡುವಾಗ ಪ್ಲಗ್ ಹಾಕಬಹುದಾ ಅಂತ ಈ ಕೆಲಸದ ಗೆಳೆಯರು ಕೇಳುತ್ತಾರೆ. ಬ್ಯಾಲೆನ್ಸ್ ಕೂರಿಸುವಾಗ ಬೇಡ. ಸದ್ದು ತಗ್ಗಿದಾಗ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ತಾರ ಭಾಗ ಇನ್ನೂ ಕಡಿಮೆ ಕೇಳುತ್ತದೆ, ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದಿದ್ದಾರೆ. ಹಾಗಾಗಿ ಪ್ಲಗ್ ಹಾಕಿದ ಕೈ ತಾನಾಗಿ ಬೇಸ್ ಏರಿಸಲು ಹೋಗುತ್ತದೆ. ಸೌಂಡ್ ಚೆಕ್, ಮೊದಲ ಎರಡು ಪದ್ಯ ಬರಿಗಿವಿಯಲ್ಲಿ. ಎಲ್ಲ ಕೂತಮೇಲೆ ಪ್ಲಗ್. ಆಮೇಲೆ ಈಕ್ವಲೈಜರ್ (ಮಂದ್ರ, ತಾರ ಬೇರೆಬೇರೆ ಏರಿಸಿ ಇಳಿಸುವಂಥದ್ದು) ಮುಟ್ಟಬೇಕಾದರೆ ಎರಡನ್ನೂ ತೆಗೆದು, ಒಂದು ನಿಮಿಷ ಕೇಳಿ, ಮುಟ್ಟಿ, ಮತ್ತೆ ಹಾಕುವುದು. ಫೀಡ್‌ಬ್ಯಾಕ್ ಕುಂಯ್ ಅನ್ನಲು ಶುರುವಾದರೆ ಪ್ಲಗ್‌ನಲ್ಲೂ ಕೇಳುತ್ತದೆ, ಹೆದರಬೇಡಿ.

ಇದಿಷ್ಟೇ ಆಗಿದ್ದರೆ ಇದನ್ನು ಯಾವಾಗಲೋ ಡ್ರಾಯರಿಗೆ ಎಸೆಯುತ್ತಿದ್ದೆ. ಎಸೆಯದೆ ಇದ್ದದ್ದು ಒಂದೇ ಕಾರಣಕ್ಕೆ. ಕಾಲಮಿತಿ ಯಕ್ಷಗಾನ ಮೂರ್ನಾಲ್ಕು ಗಂಟೆ ನಡೆಯುತ್ತದೆ. ಮೊದಲೆಲ್ಲ ಕೊನೆಯ ಗಂಟೆಗೆ ಕಿವಿ ದಣಿದು ತಾರ ಭಾಗ ಮಬ್ಬಾಗುತ್ತಿತ್ತು. ಜೋರು ಸದ್ದಿಗೆ ಮೊದಲು ಏಟು ತಿನ್ನುವುದು 4000 ಹರ್ಟ್ಸ್ ಆಸುಪಾಸು, ಮಾತಿನ ಸ್ಪಷ್ಟತೆ ಇರುವ ಜಾಗಕ್ಕೆ ಹತ್ತಿರ. ಕೇಳದ್ದನ್ನು ಏರಿಸುವುದು ಎಲ್ಲ ಸೌಂಡ್‌ನವರ ಸ್ವಭಾವ. ಅದಕ್ಕೇ ಎಷ್ಟೋ ಕಾರ್ಯಕ್ರಮ ಕೊನೆಕೊನೆಗೆ ಕಿವಿಗೆ ಚುಚ್ಚುತ್ತವೆ. ಈಗ ಮುಂಬೈಯ ಕುರ್ಲಾದಲ್ಲಿ ಯುದ್ಧದ ಪದ್ಯ, ಚೆಂಡೆ ಮದ್ದಳೆ ಎರಡೂ ಏರಿದ ಹೊತ್ತಿಗೆ, ನನ್ನ ಕಿವಿ ಆಟ ಶುರುವಾಗುವ ಗಣಪತಿ ಪೂಜೆಯ ಹೊತ್ತಿನಷ್ಟೇ ತಾಜಾ. ಮಿಕ್ಸರಿನ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಇಟ್ಟಲ್ಲೇ ಇರುತ್ತದೆ. ಇನ್ನೂ ಖುಷಿ ಅಂದರೆ, ಅಷ್ಟು ಗದ್ದಲದಲ್ಲಿ ಅರ್ಥಗಾರಿಕೆಯ ಮಾತು ಬರಿಗಿವಿಗಿಂತ ಪ್ಲಗ್‌ನಲ್ಲೇ ಚೆನ್ನಾಗಿ ಬಿಡಿಸಿ ಕೇಳುತ್ತದೆ. ಅತಿ ಜೋರು ಸದ್ದಾದರೆ ಕಿವಿಯೂ ಹಳೇ ಆಂಪ್ ಥರ ಸದ್ದನ್ನು ಒಡೆದು ಕೊಡುತ್ತದೆ. ತಗ್ಗಿಸಿ ಕೊಟ್ಟರೆ ಸರಿಯಾಗಿ ಕೆಲಸ ಮಾಡುತ್ತದೆ. ಮೇಳದವರು ಹಾಸ್ಯಗಾರನ ಮಾತಿಗೆ ನಗುವ ಮೊದಲೇ ನಾನು ನಗುತ್ತಿರುತ್ತೇನೆ.

ಬಯಲಿನ ಕಾರ್ಯಕ್ರಮಗಳಿಗೆ ಕಾನೂನಿನ ಗಡಿಯಾರವೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್. ವರ್ಷಕ್ಕೆ 15 ದಿನ ಮೀರದ ಹಾಗೆ ಸರ್ಕಾರ ಹಬ್ಬಕ್ಕೆ 12ರ ತನಕ ಬಿಡಬಹುದು. ಆ ಹಬ್ಬದ ದಿನಗಳಲ್ಲೇ ಢೋಲ್ ತಾಶಾ ಮೆರವಣಿಗೆ ನನ್ನ ಪಂಡಾಲಿನ ಎದುರು ಬಂದು ನಿಲ್ಲುವುದು. ತಾಶಾ ಕಡ್ಡಿಯ ಏಟಿಗೆ ನನ್ನ ಮಿಕ್ಸರ್‌ನಲ್ಲಿ ಯಾವ ಫೇಡರೂ ಇಲ್ಲ. ಆಗ ಈ ಪ್ಲಗ್ ಒಂದೇ ಗತಿ. ಮುಗಿಸಿ ಲೋಕಲ್ ರೈಲಿನ ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿ, ನನ್ನ ಕೇಬಲ್ ಪೆಟ್ಟಿಗೆ, ಎಲ್ಲದರ ನಡುವೆ ನಿಂತು ಬರುವಾಗಲೂ ತೆಗೆಯುವುದಿಲ್ಲ. "ಪುಢೀಲ್ ಸ್ಟೇಶನ್" (ಮುಂದಿನ ನಿಲ್ದಾಣ) ಅನ್ನುವುದು ಸ್ಪಷ್ಟವಾಗಿ ಕೇಳುತ್ತದೆ, ಗಾಲಿಯ ಸದ್ದು ಮಾತ್ರ ದೂರ. ಮನೆಗೆ ಬಂದು ಮಲಗಿದಾಗ ಕಿವಿಯೊಳಗೆ ಆ ಹಳೇ ಸೀಟಿ ಇರುವುದಿಲ್ಲ. ಇದಕ್ಕೆ ಎಷ್ಟು ಸ್ಟಾರ್ ಕೊಟ್ಟರೂ ಸರಿಯೇ.

ಒಟ್ಟು ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಮಾತಿಗೆ ಅಲ್ಲ, ಅದು ಪ್ರಕೃತಿ ನಿಯಮ. ಬಿಡಿ ಸಿಲಿಕೋನ್ ಸಿಗದಿರುವುದಕ್ಕೆ. ಬಳಸುತ್ತಾ ಬಳಸುತ್ತಾ ಅದು ಹಳದಿಯಾಗಿ ಗಟ್ಟಿಯಾಗುತ್ತದೆ, ಆಗ ಸರಿ ಕೂರುವುದಿಲ್ಲ. ಮಾರಿದವರಿಗೆ ಕೇಳಿದರೆ ಹೊಸ ಸೆಟ್ಟೇ ತಗೊಳ್ಳಿ ಅನ್ನುತ್ತಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡ್‌ನಲ್ಲಿ ನಾಲ್ಕು ಅಂಗಡಿ ಕೇಳಿದೆ, ಹೆಡ್‌ಫೋನಿನ ಸ್ಪಂಜು ತೋರಿಸಿದರು. ಕಿವಿಯ ಅಚ್ಚು ತೆಗೆದು ಮಾಡಿಕೊಡುವ ಪ್ಲಗ್ ಇದೆ, 9, 15, 25 ಡೆಸಿಬಲ್ ಫಿಲ್ಟರ್ ಬದಲಿಸಬಹುದು, ಆಳವಾಗಿ ಕೂರುವುದರಿಂದ ಗುಂಯ್ ಕೂಡ ಕಡಿಮೆ. ಬೆಲೆ ನನ್ನಂಥವನಿಗೆ ಒಂದು ಒಳ್ಳೆ ವೈರ್‌ಲೆಸ್ ಮೈಕಿನಷ್ಟು. ಈ ಗಣಪತಿಯ ಬಾಕಿ ದುಡ್ಡು ಮಂಡಳಿಯವರು ಕೊಟ್ಟರೆ ಯೋಚನೆ ಮಾಡುತ್ತೇನೆ. ಅಲ್ಲಿತನಕ, ಮೊದಲ ಸಲ ಕೊಳ್ಳುವವರು ಒಂದೇ ಬಾರಿಗೆ ಎರಡು ಸೆಟ್ ತರಿಸಿಬಿಡಿ, ಒಂದು ಹುಡುಗರಿಗೆ ಕೊಡಿ. ಸ್ಪೀಕರ್ ಕಂಬದ ಬುಡದಲ್ಲಿ ನಿಲ್ಲುವವರು ಅವರು.