ಮಣಿಕಟ್ಟಿನ ಬ್ರೇಸ್: ಬಟ್ಟೆಗಿಂತ ಒಳಗಿನ ತಗಡು ಮುಖ್ಯ

ಉಳುಕಿದ ಬಲ ಮಣಿಕಟ್ಟಿಗೆಂದು ಕೊಂಡ ಈ ಬ್ರೇಸ್, ಅಂಗೈ ಕಡೆ ಅಲ್ಯೂಮಿನಿಯಂ ತಗಡನ್ನೂ ಹಿಂಬದಿಯಲ್ಲಿ ಮೂರು ವೆಲ್ಕ್ರೋ ಪಟ್ಟಿಗಳನ್ನೂ ಉಳ್ಳ ಸಾಮಾನ್ಯ ಮಾದರಿಯದು. ಪೊಟ್ಟಣದ ಮೇಲೆ ಬಟ್ಟೆಯ ಮೃದುತನದ ವರ್ಣನೆಯೇ ಹೆಚ್ಚಾಗಿದ್ದರೂ, ಕೊಟ್ಟ ಹಣ ಸಾರ್ಥಕವಾಗುವುದು ಆ ತಗಡಿನಿಂದಲೇ. ತಗಡಿಲ್ಲದ ಬರೀ ಇಲಾಸ್ಟಿಕ್ ಸುತ್ತುಗಳು ಕೈಯನ್ನು ಬೆಚ್ಚಗಿಡುತ್ತವೆಯೇ ಹೊರತು ಮಣಿಕಟ್ಟು ಬಾಗದಂತೆ ಹಿಡಿದಿಡುವುದಿಲ್ಲ.

ತಗಡು ಬರುವಾಗಲೇ ಕೈಯನ್ನು ತುಸು ಹಿಂದಕ್ಕೆ ಎತ್ತಿ ಹಿಡಿಯುವಂತೆ ಬಗ್ಗಿರುತ್ತದೆ. ಉಳುಕಿಗೆ ಇದರಿಂದ ಅಡ್ಡಿಯೇನೂ ಆಗಲಿಲ್ಲ. ಆದರೆ ಮಣಿಕಟ್ಟಿನೊಳಗಿನ ಕಿರಿದಾದ ದಾರಿಯಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನೆಲ್ ತೊಂದರೆಯಿಂದ ಬೆರಳುಗಳಿಗೆ ಜೋಮು ಹಿಡಿಯುವವರು ಈ ಬಾಗನ್ನು ಗಮನಿಸಲೇಬೇಕು, ಏಕೆಂದರೆ 9 ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಒಟ್ಟಿಗೆ ಹಾದುಹೋಗುವ ಆ ಇಕ್ಕಟ್ಟಾದ ದಾರಿಯಲ್ಲಿ ಒತ್ತಡ ಕಡಿಮೆ ಇರುವುದು ಮಣಿಕಟ್ಟು ಹೆಚ್ಚುಕಡಿಮೆ ನೇರವಾಗಿದ್ದಾಗ. ತಗಡನ್ನು ಅದರ ಚೀಲದಿಂದ ಹೊರಗೆಳೆದು, ಮೇಜಿನ ಮೇಲೆ ಒತ್ತಿ ನೇರ ಮಾಡಿ ಮತ್ತೆ ಸೇರಿಸಬಹುದು. ಇಷ್ಟು ಮುಖ್ಯವಾದ ಸಂಗತಿಯ ಬಗ್ಗೆ ಸೂಚನಾ ಚೀಟಿಯಲ್ಲಿ ಒಂದು ಸಾಲೂ ಇಲ್ಲ. ನಿದ್ದೆಯಲ್ಲಿ ನಮಗರಿವಿಲ್ಲದೆ ಕೈ ಮಡಚಿಕೊಳ್ಳುವುದರಿಂದ, ಅಂಥವರಿಗೆ ಬ್ರೇಸಿನ ಉಪಯೋಗ ಹಗಲಿಗಿಂತ ರಾತ್ರಿಯಲ್ಲೇ ಹೆಚ್ಚು.

ಅಳತೆಯನ್ನು ಮಣಿಕಟ್ಟಿನ ಸುತ್ತ ಟೇಪು ಹಿಡಿದು ನೋಡಿದರಷ್ಟೇ ಸಾಲದು. ಬೆರಳುಗಳ ಬುಡಕ್ಕೆ ಸಮೀಪವಿರುವ ಅಂಗೈಯ ಅಡ್ಡಗೆರೆಯನ್ನು ಬ್ರೇಸಿನ ಅಂಚು ದಾಟಿದರೆ ಮುಷ್ಟಿ ಪೂರ್ತಿ ಕಟ್ಟಲಾಗದು, ಲೋಟ ಹಿಡಿಯುವುದೂ ಕಷ್ಟ. ಈ ವಿಷಯದಲ್ಲಿ ಇದು ಸರಿಯಾಗಿದೆ. ಸರಿಯಿಲ್ಲದಿರುವುದು ಹೆಬ್ಬೆರಳಿನ ಕಿಂಡಿಯ ಹೊಲಿಗೆ: ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಎಳೆಯ ಚರ್ಮವನ್ನು ಅದು ಉಜ್ಜಿ ಕೆಂಪಾಗಿಸುತ್ತದೆ. ಪಟ್ಟಿಗಳನ್ನು ಬಿಗಿದ ಮೇಲೆ ಬೆರಳ ತುದಿ ತಣ್ಣಗಾದರೆ ಅಥವಾ ಜುಮುಗುಟ್ಟಿದರೆ ಕೂಡಲೇ ಸಡಿಲಿಸಬೇಕು.

ಹೆಬ್ಬೆರಳಿನ ಬುಡದ ಸ್ನಾಯುರಜ್ಜುಗಳ ನೋವಿಗೆ ಇದು ಸಾಲದು. ಹೆಬ್ಬೆರಳನ್ನೂ ಒಳಗೊಂಡು ಹಿಡಿಯುವ ಬೇರೆ ಮಾದರಿಯೇ ಬೇಕು. ಕೈಯೂರಿ ಬಿದ್ದ ಮೇಲೆ ಹೆಬ್ಬೆರಳಿನ ಬುಡದ ಗುಳಿಯನ್ನು ಒತ್ತಿದಾಗ ನೋವಿದ್ದರೆ, ಸ್ಕ್ಯಾಫಾಯ್ಡ್ ಎಂಬ ಮಣಿಕಟ್ಟಿನ ಸಣ್ಣ ಮೂಳೆ ಮುರಿದಿರುವ ಸಾಧ್ಯತೆಯಿರುವುದರಿಂದ ಮೊದಲು ವೈದ್ಯರಿಗೆ ತೋರಿಸಬೇಕು. ಈ ಮುರಿತ ಮೊದಲ ಎಕ್ಸ್-ರೇಯಲ್ಲಿ ಕಾಣದೆಯೂ ಹೋಗಬಹುದು.

ಬೆವರಿನ ವಾಸನೆ ಬೇಗ ಹಿಡಿಯುತ್ತದೆಯಾದ್ದರಿಂದ ಆಗಾಗ ಒಗೆಯಲೇಬೇಕು. ತಗಡನ್ನು ತೆಗೆದು, ವೆಲ್ಕ್ರೋ ಪಟ್ಟಿಗಳನ್ನು ಮುಚ್ಚಿ ಕೈಯಲ್ಲೇ ಒಗೆದರೆ ಒಳ್ಳೆಯದು. ತೆರೆದಿಟ್ಟರೆ ಕೊಕ್ಕೆಗಳಲ್ಲಿ ನೂಲು ಸಿಕ್ಕಿಕೊಂಡು ಹಿಡಿತ ಹೋಗುತ್ತದೆ.