ಮೇಣ, ಸೂಜಿ, ಉಣ್ಣೆ: ಆನ್ಸಿ ಉತ್ಸವದ ಸ್ಪರ್ಧಾ ಕಿರುಚಿತ್ರಗಳು

ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ಸರೋವರದ ಊರಾದ ಆನ್ಸಿಯಲ್ಲಿ 1960ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಅನಿಮೇಷನ್ ಚಿತ್ರೋತ್ಸವಕ್ಕೆ ಈಗ ಪೂರ್ಣಪ್ರಮಾಣದ ಚಿತ್ರಗಳಿಗಾಗಿಯೂ ದೊಡ್ಡ ಸ್ಟುಡಿಯೋಗಳ ಮುನ್ನೋಟಗಳಿಗಾಗಿಯೂ ಜನ ಮುಗಿಬೀಳುತ್ತಾರೆ. ಆದರೂ ಆ ಉತ್ಸವದ ತೂಕ ಇರುವುದು ಕಿರುಚಿತ್ರಗಳ ಸ್ಪರ್ಧೆಯಲ್ಲಿಯೇ. ಪ್ರತಿ ಜೂನ್ ತಿಂಗಳಲ್ಲಿ ಅಲ್ಲಿ 'ಕ್ರಿಸ್ಟಲ್' ಎಂಬ ಅತ್ಯುನ್ನತ ಪ್ರಶಸ್ತಿ ಪಡೆಯುವ ಕಿರುಚಿತ್ರ ಆಸ್ಕರ್ ಪರಿಗಣನೆಗೆ ಅರ್ಹವಾಗುತ್ತದೆ ಎಂಬುದು ಪತ್ರಿಕೆಗಳಿಗೆ ಸುದ್ದಿ. ಹತ್ತು ನಿಮಿಷದ ಚಿತ್ರಕ್ಕಾಗಿ ಒಬ್ಬ ಕಲಾವಿದ ಯಾವ ವಸ್ತುವನ್ನು ಕೈಗೆತ್ತಿಕೊಂಡ, ಅದು ಅವನ ಕತೆಗೆ ಎಷ್ಟು ಒಗ್ಗಿತು ಎಂಬುದು ನನ್ನಂಥ ನೋಡುಗನ ಕುತೂಹಲ. ಹಲವು ವರ್ಷಗಳ ವಿಜೇತ ಚಿತ್ರಗಳನ್ನು ಮನೆಯಲ್ಲೇ ಕುಳಿತು, ಸಿಕ್ಕಿದಾಗ ಸಿಕ್ಕಿದಂತೆ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲಿಗೆ 2020ರ ಕ್ರಿಸ್ಟಲ್ ಪಡೆದ 'ದುಃಖದ ಭೌತಶಾಸ್ತ್ರ'. ಬಲ್ಗೇರಿಯಾದಲ್ಲಿ ಹುಟ್ಟಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ ಥಿಯೊಡೋರ್ ಉಶೆವ್ ಇದನ್ನು ತಮ್ಮ ನಾಡಿನವರೇ ಆದ ಗೆಯೋರ್ಗಿ ಗೊಸ್ಪೊದಿನೊವ್ ಅವರ ಕಾದಂಬರಿಯನ್ನು ಆಧರಿಸಿ ರೂಪಿಸಿದ್ದಾರೆ. (2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಸಂದ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ 2023ರಲ್ಲಿ ಸಂದದ್ದು ಇದೇ ಗೊಸ್ಪೊದಿನೊವ್ ಅವರ ಮತ್ತೊಂದು ಕಾದಂಬರಿಗೆ.) ಊರು ಬಿಟ್ಟು ಬಂದವನೊಬ್ಬ ತನ್ನ ಬಾಲ್ಯದ ಸರ್ಕಸ್, ಬಬಲ್‌ಗಮ್ ಸುತ್ತಿದ ಕಾಗದ, ಮೊದಲ ಒಲವು, ಸೈನ್ಯದ ದಿನಗಳನ್ನು ನೆನೆಯುವುದೇ ಚಿತ್ರದ ಒಟ್ಟು ಕತೆ. ಇಷ್ಟನ್ನೇ ಕೇಳಿದರೆ ಇಂಥವನ್ನು ನೂರು ನೋಡಿದ್ದೇವೆ ಎನ್ನಿಸುವುದು ಸಹಜ. ಉಶೆವ್ ಇದನ್ನು ಬಿಡಿಸಿರುವುದು ಬಣ್ಣ ಬೆರೆಸಿ ಕಾಯಿಸಿದ ಜೇನುಮೇಣದಲ್ಲಿ. ಪ್ರಾಚೀನ ಈಜಿಪ್ಟಿನ ಫಯೂಮ್‌ನಲ್ಲಿ ಸತ್ತವರ ಮುಖಚಿತ್ರಗಳನ್ನು ಬರೆದು ಮಮ್ಮಿಗಳ ಮೇಲೆ ಇರಿಸುತ್ತಿದ್ದುದು ಇದೇ ವಿಧಾನದಲ್ಲಿ. ಮೇಣ ಬಿಸಿಯಾಗಿರುವಾಗ ಹರಿಯುತ್ತದೆ, ಆರಿದ ಕೂಡಲೇ ಗಟ್ಟಿಯಾಗುತ್ತದೆ, ಮತ್ತೆ ಕಾವು ತಾಗಿದರೆ ಗುರುತು ಸಿಗದಂತೆ ಕರಗುತ್ತದೆ. ನೆನಪು ವರ್ತಿಸುವ ಬಗೆಯೂ ಇದೇ ತಾನೆ? ಒಂದು ಮುಖ ಸ್ಪಷ್ಟವಾಗುವ ಹೊತ್ತಿಗೆ ಅದರ ಕೆನ್ನೆ ಜಾರಿ ಇನ್ನೊಬ್ಬರ ಕೆನ್ನೆಯಾಗುತ್ತದೆ. ಬಣ್ಣದ ಉಬ್ಬುತಗ್ಗುಗಳು ಪ್ರತಿ ಚೌಕಟ್ಟಿನಲ್ಲೂ ಬದಲಾಗುವುದರಿಂದ ನಿಂತ ಮನುಷ್ಯನೂ ಉಸಿರಾಡುತ್ತಿರುವಂತೆ ಕಾಣುತ್ತಾನೆ. ಇಂಗ್ಲಿಷ್ ಆವೃತ್ತಿಗೆ ರೊಸಿಫ್ ಸದರ್ಲೆಂಡ್ ಮತ್ತು ಅವರ ತಂದೆ ಡೊನಾಲ್ಡ್ ಸದರ್ಲೆಂಡ್ ಇಬ್ಬರೂ ದನಿ ನೀಡಿದ್ದಾರೆ.

ಚಿತ್ರಕ್ಕೆ ದೋಷವಿಲ್ಲವೆಂದಲ್ಲ. 27 ನಿಮಿಷ ಎಂಬುದು ಇಷ್ಟು ಸಾಂದ್ರವಾದ ಚಿತ್ರಣಕ್ಕೆ ಹೆಚ್ಚಾಯಿತು, ಮತ್ತು ನಿರೂಪಣೆಯ ಮಾತು ಎಲ್ಲಿಯೂ ಬಿಡುವು ಕೊಡುವುದಿಲ್ಲ. ಕಣ್ಣು ಮೇಣವನ್ನು ನೋಡಲು ಬಯಸುತ್ತಿರುವಾಗ ಕಿವಿಯನ್ನು ಹಿಡಿದು ಎಳೆದಂತಾಗುತ್ತದೆ. ಇದೇ ಲೇಖಕರ ಕತೆಯೊಂದನ್ನು ಆಧರಿಸಿ ಉಶೆವ್ ಮಾಡಿದ್ದ, ಎಡಗಣ್ಣಿನಲ್ಲಿ ಹಿಂದಿನದನ್ನೂ ಬಲಗಣ್ಣಿನಲ್ಲಿ ಮುಂದಿನದನ್ನೂ ಮಾತ್ರ ಕಾಣುವ ಹುಡುಗಿಯ ಚಿತ್ರ ಇದಕ್ಕಿಂತ ಎಷ್ಟೋ ಚಿಕ್ಕದು ಮತ್ತು ಆ ಕಾರಣಕ್ಕೇ ಹೆಚ್ಚು ಹರಿತ.

ಇದರ ಹಿಂದಿನ ವರ್ಷ, ಅಂದರೆ 2019ರಲ್ಲಿ ಕ್ರಿಸ್ಟಲ್ ಪಡೆದದ್ದು ಬ್ರೂನೋ ಕೊಲೆ ಅವರ 'ಮೆಮೊರಾಬ್ಲ್'. ಲೂಯಿ ಎಂಬ ಚಿತ್ರಕಾರನಿಗೆ ಮರೆವಿನ ಕಾಯಿಲೆ ಆವರಿಸುತ್ತದೆ. ಅವನ ಸುತ್ತಲಿನ ಪೀಠೋಪಕರಣ, ವಸ್ತುಗಳು, ಕೊನೆಗೆ ಮನುಷ್ಯರೂ ತಮ್ಮ ರೂಪ ಕಳೆದುಕೊಳ್ಳುತ್ತ ಹೋಗುತ್ತಾರೆ. ಕೈಯಿಂದ ತಿದ್ದಿದ ಗೊಂಬೆಗಳನ್ನು ಒಂದೊಂದೇ ಚೌಕಟ್ಟಿಗೆ ಸರಿಸಿ ತೆಗೆದ ಸ್ಟಾಪ್ ಮೋಷನ್ ಚಿತ್ರವಿದು. ಗೊಂಬೆಯ ಚರ್ಮದ ಮೇಲೆ ಕುಂಚದ ಒರಟು ಗೀರುಗಳು ವ್ಯಾನ್ ಗೋ ಚಿತ್ರದಲ್ಲಿರುವಂತೆ ಎದ್ದು ಕಾಣುತ್ತವೆ. ರೋಗಿಯನ್ನು ಹೊರಗಿನಿಂದ ನೋಡಿ ಮರುಗುವ ಚಿತ್ರಗಳು ನಮ್ಮಲ್ಲೂ ಸಾಕಷ್ಟಿವೆ. ಇಲ್ಲಿ ನಾವು ಅವನ ಕಣ್ಣಿನಿಂದಲೇ ನೋಡುತ್ತೇವೆ, ಮತ್ತು ಅವನು ಚಿತ್ರಕಾರನಾದ್ದರಿಂದ ಜಗತ್ತು ಚೂರಾಗುವಾಗಲೂ ಬಣ್ಣವಾಗಿಯೇ ಚೂರಾಗುತ್ತದೆ. ಹೆಂಡತಿ ಕೆಲವೇ ಕುಂಚದ ಗೀರುಗಳಾಗಿ ಉಳಿಯುವ ಭಾಗವನ್ನು ನಾನು ಮೂರು ಬಾರಿ ನೋಡಿದೆ. ಮೂರನೆಯ ಬಾರಿ ತಂತ್ರವನ್ನು ಗಮನಿಸಬೇಕೆಂದು ಕುಳಿತವನಿಗೆ ತಂತ್ರ ಕಾಣಲೇ ಇಲ್ಲ. ಆ ವರ್ಷ ಪ್ರೇಕ್ಷಕರ ಪ್ರಶಸ್ತಿಯೂ ಈ ಚಿತ್ರಕ್ಕೇ ಸಂದಿತು. ತೀರ್ಪುಗಾರರೂ ಪ್ರೇಕ್ಷಕರೂ ಒಂದೇ ಚಿತ್ರವನ್ನು ಮೆಚ್ಚುವುದು ಯಾವ ಉತ್ಸವದಲ್ಲಿಯೂ ಅಪರೂಪವೇ.

2023ರ ವಿಜೇತ, ಹಂಗೇರಿಯ ಫ್ಲೋರಾ ಆನಾ ಬುದಾ ಅವರ '27', ಅದೇ ವರ್ಷ ಕಾನ್‌ನಲ್ಲಿ ಕಿರುಚಿತ್ರದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಕೂಡ ಗಳಿಸಿತ್ತು. ಇಪ್ಪತ್ತೇಳಾದರೂ ತಂದೆತಾಯಿಯ ಮನೆಯಲ್ಲೇ ಉಳಿಯಬೇಕಾದ ಯುವತಿಯ ಕಿರಿಕಿರಿ, ಅವಳ ಹಗಲುಗನಸು, ಕಡು ಬಣ್ಣಗಳು ಎಲ್ಲವೂ ಚುರುಕಾಗಿವೆ. ನನಗೆ ಅದು ನೋಡಿದ ದಿನ ಹಿಡಿಸಿತು, ವಾರ ಕಳೆದ ಮೇಲೆ ಹೆಚ್ಚೇನೂ ಉಳಿಯಲಿಲ್ಲ. 2017ರ ವಿಜೇತ, ಸ್ವೀಡನ್ನಿನ ನಿಕಿ ಲಿಂಡ್ರೋತ್ ವಾನ್ ಬಾರ್ ಅವರ 'ಹೊರೆ' ಇದಕ್ಕೆ ತದ್ವಿರುದ್ಧ: ಸೂಪರ್ ಮಾರ್ಕೆಟ್, ಕಾಲ್ ಸೆಂಟರ್, ಹೋಟೆಲುಗಳಲ್ಲಿ ದುಡಿದು ದಣಿದ ಪ್ರಾಣಿಗಳು ಹಾಡುತ್ತ ಕುಣಿಯುವ ಈ ಗೊಂಬೆಚಿತ್ರ ಮೊದಲಿಗೆ ನಗಿಸುತ್ತದೆ, ಆಮೇಲೆ ಬಹಳ ದಿನ ಕಾಡುತ್ತದೆ. ರಾತ್ರಿಪಾಳಿ ಮಾಡಿದ ಬೆಂಗಳೂರಿನವರಿಗೆ ಅದರಲ್ಲಿನ ಕೋತಿಗಳು ಅಪರಿಚಿತವೆನಿಸಲಾರವು.

ಸ್ಪರ್ಧಾ ಚಿತ್ರಗಳನ್ನು ಉಣಬಡಿಸುವ ಕ್ರಮದ ಬಗ್ಗೆ ನನ್ನದೊಂದು ತಕರಾರಿದೆ. ಆನ್ಸಿಯಲ್ಲಿ, ಬಹುತೇಕ ಎಲ್ಲ ಉತ್ಸವಗಳಲ್ಲಿ ಇರುವಂತೆಯೇ, ಹಲವು ಕಿರುಚಿತ್ರಗಳನ್ನು ಒಂದು ಕಂತೆಯಾಗಿ ಕಟ್ಟಿ ಒಂದೇ ಪ್ರದರ್ಶನದಲ್ಲಿ ತೋರಿಸುತ್ತಾರೆ. ಒಂದೇ ಎಲೆಗೆ ಎಲ್ಲವನ್ನೂ ಒಟ್ಟಿಗೆ ಬಡಿಸಿದಾಗ ಪಾಯಸದ ಮೇಲೆ ಸಾರು ಹರಿಯುವಂತೆ, ಸಾವಿನ ಕುರಿತ ಚಿತ್ರದ ಕೊನೆಯ ಮೌನದೊಳಕ್ಕೆ ಮುಂದಿನ ಚಿತ್ರದ ಅಬ್ಬರ ನುಗ್ಗುತ್ತದೆ. ಅಲ್ಲಿನ ಪ್ರೇಕ್ಷಕರಾದರೋ ಚಿತ್ರ ಶುರುವಾಗುವ ಮುನ್ನ ಕಾಗದದ ವಿಮಾನಗಳನ್ನು ಪರದೆಯತ್ತ ತೂರುತ್ತಾರೆ, ಪರದೆಯ ಮೇಲೆ ಮೊಲ ಕಂಡರೆ ಒಕ್ಕೊರಲಿನಿಂದ 'ಲಪ್ಯಾಂ' (ಫ್ರೆಂಚಿನಲ್ಲಿ ಮೊಲ) ಎಂದು ಕೂಗುತ್ತಾರೆ. ಆ ಗದ್ದಲದ ಸಂತೋಷಕ್ಕೆ ನನ್ನ ತಕರಾರೇನೂ ಇಲ್ಲ. ಕೊರೊನಾದಿಂದಾಗಿ 2020ರಲ್ಲಿ ಇಡೀ ಉತ್ಸವ ಅಂತರಜಾಲಕ್ಕೆ ಸರಿದಾಗ ಒಂದು ಚಿತ್ರ ಮುಗಿಸಿ, ಎದ್ದು ಕಾಫಿ ಕುಡಿದು, ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಒದಗಿತ್ತು. ಕಿರುಚಿತ್ರಕ್ಕೆ ಅದು ಹೇಳಿ ಮಾಡಿಸಿದ ಕ್ರಮ. ಕೋಲ್ಕತ್ತದ ಕಲಾವಿದರಾದ ಉಪಮನ್ಯು ಭಟ್ಟಾಚಾರ್ಯ ಮತ್ತು ಕಲ್ಪ್ ಸಾಂಘ್ವಿ ಅವರ 'ವೇಡ್', ಸಮುದ್ರ ಏರಿ ಬಂದು ಮುಳುಗಿದ ಕೋಲ್ಕತ್ತದ ಬೀದಿಗಳಲ್ಲಿ ಸುಂದರಬನದ ನಿರಾಶ್ರಿತರೂ ಹುಲಿಗಳೂ ಎದುರುಬದುರಾಗುವ ಚಿತ್ರ, ಆನ್ಸಿ ನಗರದ ಪ್ರಶಸ್ತಿ ಪಡೆದದ್ದು ಅದೇ ವರ್ಷ.

ಇನ್ನು 2025ರ ಕ್ರಿಸ್ಟಲ್. ಪಿಯೆರ್-ಲ್ಯೂಕ್ ಗ್ರಾಂಜೋಂ ಅವರ 'ಇರುಳಿನ ಬೂಟುಗಳು' ಚಿತ್ರದ ಕತೆಯನ್ನು ಒಂದು ಸಾಲಿನಲ್ಲಿ ಹೇಳಬಹುದು: ತಂದೆತಾಯಿ ಅತಿಥಿಗಳೊಂದಿಗೆ ಇರುವಾಗ ಮಗುವೊಂದು ಬೂಟು ಮೆಟ್ಟಿಕೊಂಡು ಬೆಳದಿಂಗಳ ಕಾಡಿಗೆ ಹೊರಡುತ್ತದೆ, ಅಲ್ಲಿ ವಿಚಿತ್ರ ಜೀವಿಯೊಂದು ಎದುರಾಗುತ್ತದೆ. ಇದನ್ನು ಮಾಡಿರುವುದು ಪಿನ್‌ಸ್ಕ್ರೀನ್ ಎಂಬ ಸಾಧನದಲ್ಲಿ. ಅಲೆಕ್ಸಾಂದ್ರ್ ಅಲೆಕ್ಸೇಯೆಫ್ ಮತ್ತು ಕ್ಲೇರ್ ಪಾರ್ಕರ್ 1930ರ ದಶಕದಲ್ಲಿ ರೂಪಿಸಿದ ಈ ಹಲಗೆಯಲ್ಲಿ ಲಕ್ಷಗಟ್ಟಲೆ ಸಣ್ಣ ಸೂಜಿಗಳು ನಾಟಿಕೊಂಡಿರುತ್ತವೆ. ಬೆಳಕು ಪಕ್ಕದಿಂದ ಬೀಳುತ್ತದೆ. ಮುಂದಕ್ಕೆ ಚಾಚಿದ ಸೂಜಿಗಳ ನೆರಳು ಒಂದರ ಮೇಲೊಂದು ಬಿದ್ದು ಕಪ್ಪಾಗುತ್ತದೆ, ಪೂರ್ತಿ ಒಳಕ್ಕೆ ಒತ್ತಿದರೆ ಬಿಳಿ ಹಲಗೆ ಕಾಣುತ್ತದೆ, ಅರ್ಧಂಬರ್ಧ ಒತ್ತಿದಲ್ಲಿ ಬೂದುಬಣ್ಣದ ನಾನಾ ಛಾಯೆಗಳು. ತೊಗಲುಗೊಂಬೆಯಾಟದಲ್ಲಿ ಹಿಂದಿನ ದೀಪ ಗೊಂಬೆಯ ಬಣ್ಣವನ್ನು ಪರದೆಗೆ ತರುತ್ತದೆಯಾದರೆ, ಇಲ್ಲಿ ಬಣ್ಣವೆಂಬುದೇ ಇಲ್ಲ, ಎಲ್ಲವೂ ನೆರಳು. ಮುಂದಿನ ಚಿತ್ರವನ್ನು ಮೂಡಿಸಬೇಕಾದರೆ ಈಗಿನದನ್ನು ಅಳಿಸಲೇಬೇಕು. ಸೆಕೆಂಡಿಗೆ 12 ಚಿತ್ರಗಳೆಂದು ಹಿಡಿದರೂ ಒಂದು ನಿಮಿಷಕ್ಕೆ 720 ಬಾರಿ ಹೀಗೆ ಅಳಿಸಿ ಬರೆಯಬೇಕು, ಹಿಂದಿರುಗಿ ತಿದ್ದುವ ಅವಕಾಶವಿಲ್ಲ. ಕಾಡಿನ ಕತ್ತಲೆ ಕಪ್ಪು ಬಳಿದ ಹಿನ್ನೆಲೆಯಂತಿರದೆ, ಮೈತುಂಬ ರೋಮವಿರುವ ಪ್ರಾಣಿಯಂತೆ ಮೃದುವಾಗಿ ಕಾಣುವುದಕ್ಕೆ ಕಾರಣ ಆ ಸೂಜಿಗಳು. ಮಗುವಿಗೆ ಆ ಕತ್ತಲೆಯ ಭಯ ಏಕಿಲ್ಲ ಎಂಬುದಕ್ಕೆ ಚಿತ್ರ ವಿವರಣೆ ಕೊಡುವುದಿಲ್ಲ. ಹಾಗೆ ಮೈ ತಡವಬಹುದಾದ ಕತ್ತಲೆಗೆ ಯಾವ ಮಗುವೂ ಹೆದರಲಿಕ್ಕಿಲ್ಲ.

ಅದೇ 2025ರಲ್ಲಿ ಆನ್ಸಿಯಲ್ಲಿ ನಮ್ಮ ನೆಲಕ್ಕೆ ಹತ್ತಿರದ ಇನ್ನೊಂದು ಚಿತ್ರವೂ ಇತ್ತು. ಸುರೇಶ್ ಎರಿಯಾಟ್ ಅವರ 'ದೇಸಿ ಊನ್' ದಖ್ಖನಿ ಕುರಿ ಮತ್ತು ಅದರ ಉಣ್ಣೆಯನ್ನು ಕುರಿತ ಸ್ಟಾಪ್ ಮೋಷನ್ ಚಿತ್ರ. ಉತ್ತರ ಕರ್ನಾಟಕದ ಬಯಲಿನಲ್ಲಿ ಕುರಿಗಾಹಿಯ ಹೆಗಲ ಮೇಲೆ ಕಾಣುವ ಕರಿಕಂಬಳಿಯ ಉಣ್ಣೆ ಅದು, ಬಿಸಿಲಿಗೂ ಮಳೆಗೂ ಚಳಿಗೂ ಆಗಿಬರುವ ಒರಟು ಉಣ್ಣೆ. ಚಿತ್ರದ ಲೋಕವನ್ನೇ ಆ ಉಣ್ಣೆಯಿಂದ ಕಟ್ಟಲಾಗಿದೆ. ಹೇಳಬೇಕಾದ ಸಂಗತಿ ಯಾವುದೋ ಅದರಿಂದಲೇ ಚಿತ್ರವನ್ನು ಮಾಡುವ ಈ ನೇರತನ ಮೇಣದ ಚಿತ್ರದಲ್ಲೂ ಇಷ್ಟರಮಟ್ಟಿಗೆ ಇಲ್ಲ. ಆದರೆ ಅದು ಬೇರೊಬ್ಬರ ಬೇಡಿಕೆಯ ಮೇರೆಗೆ ಮಾಡಿದ ಚಿತ್ರವಾದ್ದರಿಂದ ಅಂಥವುಗಳಿಗೆಂದೇ ಇರುವ ಪ್ರತ್ಯೇಕ ವಿಭಾಗದಲ್ಲಿ ಸ್ಪರ್ಧಿಸಿ, ಅಲ್ಲಿನ ತೀರ್ಪುಗಾರರ ಪ್ರಶಸ್ತಿ ಪಡೆಯಿತು. ಹಣ ಕೊಟ್ಟವರು ಯಾರು ಎಂಬುದನ್ನು ನೋಡಿ ಪಂಕ್ತಿ ಬೇರೆ ಮಾಡುವ ಈ ಪದ್ಧತಿ ನನಗೆ ಒಪ್ಪಿಗೆಯಾಗುವುದಿಲ್ಲ. ಸೂಜಿಗಳಲ್ಲಿ ಮೂಡಿದ ಆ ಕಾಡಿನ ಪಕ್ಕದಲ್ಲೇ ಈ ಕುರಿಗಳನ್ನೂ ಬಿಟ್ಟಿದ್ದರೆ ತೀರ್ಪುಗಾರರಿಗೆ ಆ ವರ್ಷದ ಕೆಲಸ ಅಷ್ಟು ಸುಲಭವಾಗುತ್ತಿರಲಿಲ್ಲ.