ಹಲ್ಲಿನ ತಿರುಳಿಗೆ ಯಾವ ಸಿಮೆಂಟ್ ಒಗ್ಗುತ್ತದೆ? ಮೂರನ್ನು ಇಟ್ಟು ನೋಡಿದೆ

ಹುಳುಕು ತೆಗೆಯುವಾಗ ಒಮ್ಮೊಮ್ಮೆ ಬರ್ (ಕೊರೆಯುವ ಮೊನೆ) ತಿರುಳಿನವರೆಗೆ, ಅಂದರೆ ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆ ಭಾಗದವರೆಗೆ ಹೋಗಿಬಿಡುತ್ತದೆ. ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಾಣುತ್ತದೆ. ಆ ಚುಕ್ಕೆಯ ಮೇಲೆ ಸರಿಯಾದ ಸಿಮೆಂಟ್ ಬಿದ್ದರೆ ಹಲ್ಲು ಜೀವಂತ ಉಳಿಯಬಹುದು. ಇಲ್ಲದಿದ್ದರೆ ರೂಟ್ ಕೆನಾಲ್. ಹನ್ನೆರಡು ವರ್ಷದ ಮಗುವಿನ ಹಲ್ಲಾದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಲ್ವಾ? ಅದಕ್ಕೇ ಪಿಜಿ ಥೀಸಿಸ್‌ಗೆ ಇದೇ ವಿಷಯ ಹಿಡಿದೆ.

ಮೂರು ಸಿಮೆಂಟ್‌ಗಳನ್ನು ಲ್ಯಾಬಿನಲ್ಲಿ ತಿರುಳಿನ ಕೋಶಗಳ ಮೇಲೆ ಪರೀಕ್ಷಿಸಿದೆ. ಕೋಶಗಳು ಸಿಕ್ಕಿದ್ದು ಕಿತ್ತ ಬುದ್ಧಿಹಲ್ಲುಗಳಿಂದ. ಹಲ್ಲು ಸೀಳಿದರೆ ಒಳಗೆ ನೆನೆದ ದಾರದ ತುಂಡಿನಂಥ ಗುಲಾಬಿ ತಿರುಳು. ಅದನ್ನು ಸಣ್ಣಗೆ ಕತ್ತರಿಸಿ ಫ್ಲಾಸ್ಕಿಗೆ ಹಾಕಿ, 37 ಡಿಗ್ರಿ ಶಾಖದಲ್ಲಿ ಇಟ್ಟು ಕಾಯಬೇಕು. ಕೆಲವು ದಿನ ಏನೂ ಕಾಣುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ತುಂಡಿನ ಅಂಚಿನಿಂದ ಉದ್ದುದ್ದ ಕೋಶಗಳು ಮೀನುಮರಿಗಳ ಹಾಗೆ ಹೊರಟಿರುತ್ತವೆ. ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬಂತು.

ಪರೀಕ್ಷೆ ಸರಳ. ಸಿಮೆಂಟಿನ ಪುಟ್ಟ ಬಿಲ್ಲೆಗಳನ್ನು ಕೋಶಗಳ ಆಹಾರದ ದ್ರವದಲ್ಲಿ ಒಂದು ದಿನ ನೆನೆಸಿ, ಆ ದ್ರವವನ್ನು ಲ್ಯಾಬ್ ಪ್ಲೇಟಿನಲ್ಲಿರುವ ಕೋಶಗಳಿಗೆ ಕೊಡುವುದು. ಆಮೇಲೆ ಎಂಟಿಟಿ ಎಂಬ ಹಳದಿ ಬಣ್ಣ ಹಾಕುವುದು. ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ನೇರಳೆ ಗಾಢವಾದಷ್ಟೂ ಬದುಕಿರುವ ಕೋಶಗಳು ಜಾಸ್ತಿ.

ಮೊದಲನೆಯದು ಎರಡು ಪೇಸ್ಟಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜರ್ಮನಿಯ ಹೆರ್ಮಾನ್ 1920ರಲ್ಲಿ ಈ ವಸ್ತುವನ್ನು ದಂತವೈದ್ಯಕ್ಕೆ ತಂದರು. ಅಗ್ಗ, ಕಲಸುವುದು ಸುಲಭ, ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ನನ್ನ ಪ್ಲೇಟಿನಲ್ಲಿ ಮಾತ್ರ ಹಳದಿ ಹಳದಿಯಾಗಿಯೇ ಉಳಿಯಿತು. ಮೈಕ್ರೋಸ್ಕೋಪಿನಲ್ಲಿ ಕೋಶಗಳು ಗುಂಡಗಾಗಿ ತಳ ಬಿಟ್ಟು ತೇಲುತ್ತಿದ್ದವು. ದ್ರವ ತೆಳು ಮಾಡಿ ಕೊಟ್ಟಾಗ ಸ್ವಲ್ಪ ಕೋಶಗಳು ಉಳಿದವು. ಬಾಯಲ್ಲಿ ಇದು ತಿರುಳಿನ ಮೇಲ್ಪದರ ಸುಟ್ಟು, ಕೆಳಗೆ ಹೊಸ ಡೆಂಟಿನ್ (ತಿರುಳಿನ ಸುತ್ತ ಇರುವ ಹಲ್ಲಿನ ಗಟ್ಟಿ ಪದರ) ಗೋಡೆ ಕಟ್ಟಿಸುತ್ತದೆ ನಿಜ. ಆದರೆ ಆ ಗೋಡೆಯಲ್ಲಿ ಸುರಂಗದಂಥ ತೂತುಗಳು ಉಳಿಯುತ್ತವೆ. ವರ್ಷಗಳು ಕಳೆದಂತೆ ವಸ್ತುವೂ ಕರಗುತ್ತದೆ.

ಎರಡನೆಯದು ಎಂಟಿಎ, ಅಂದರೆ ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಟೊರಾಬಿನೆಜಾದ್ ಅವರ ಕೈಯಲ್ಲಿ ರೂಪುಗೊಂಡದ್ದು. ಮೂಲ ನಮ್ಮ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟೇ. ಮೊದಲ ಸುತ್ತಿನಲ್ಲಿ ನಾನು ಆಗತಾನೇ ಕಲಸಿದ ಎಂಟಿಎ ಇಟ್ಟುಬಿಟ್ಟೆ. ಕೋಶಗಳು ಸಾಕಷ್ಟು ಸತ್ತವು. ತುಂಬಾ ಬೇಸರವಾಯಿತು. ಮುಂದಿನ ಸುತ್ತಿನಲ್ಲಿ ಬಿಲ್ಲೆಯನ್ನು ಒಂದು ದಿನ ಗಟ್ಟಿಯಾಗಲು ಬಿಟ್ಟೆ. ಚಿತ್ರವೇ ಬದಲಾಯಿತು. ನೇರಳೆ ಚೆನ್ನಾಗಿ ಬಂತು. ಇನ್ನೊಂದು ಪ್ಲೇಟಿನಲ್ಲಿ ಬಿಲ್ಲೆಯನ್ನೇ ಕೋಶಗಳ ಮಧ್ಯೆ ಇಟ್ಟಿದ್ದೆ. ಅದರ ಅಂಚಿನವರೆಗೂ ಕೋಶಗಳು ಬೆಳೆದಿದ್ದವು.

ಕಾರಣ ತಿಳಿದಾಗ ಖುಷಿಯಾಯಿತು. ಎಂಟಿಎ ನೀರು ಕುಡಿದು ಗಟ್ಟಿಯಾಗುವಾಗ ಅದರಿಂದಲೂ ಬರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡೇ! ಶುರುವಿನಲ್ಲಿ ಕ್ಷಾರ ಜಾಸ್ತಿ, ಆಮೇಲೆ ನಿಧಾನಕ್ಕೆ ಸೋಸಿದ ಹಾಗೆ. ಪ್ಲೇಟಿನಲ್ಲಿ ಆ ಕ್ಷಾರವನ್ನು ತೊಳೆದುಕೊಂಡು ಹೋಗಲು ರಕ್ತವಿಲ್ಲ. ಹಾಗಾಗಿ ಹಸಿ ಸಿಮೆಂಟಿನ ಅಂಕಿಗಳನ್ನು ನೇರವಾಗಿ ಬಾಯಿಗೆ ಅನ್ವಯಿಸಬೇಡಿ. ಯಾವ ವರದಿ ಓದಿದರೂ ಸಿಮೆಂಟ್ ಹಸಿಯೋ, ಗಟ್ಟಿಯೋ ಅಂತ ಮೊದಲು ನೋಡಿ.

ಎಂಟಿಎ ತೊಂದರೆ ಬೇರೆ ಕಡೆ ಇದೆ. ಒದ್ದೆ ಮರಳಿನ ಹಾಗೆ ಉದುರುತ್ತದೆ, ಗಟ್ಟಿಯಾಗಲು ಸುಮಾರು ಎರಡೂಮುಕ್ಕಾಲು ಗಂಟೆ ಬೇಕು, ಅದರಲ್ಲಿರುವ ಬಿಸ್ಮತ್ ಆಕ್ಸೈಡ್‌ನಿಂದ ಹಲ್ಲು ಕಂದಿ ಕಪ್ಪಾಗಬಹುದು.

ಮೂರನೆಯದು ಬಯೋಡೆಂಟಿನ್, ಫ್ರಾನ್ಸಿನ ಸೆಪ್ಟೊಡಾಂಟ್ ಕಂಪನಿಯದು. ಕ್ಯಾಪ್ಸೂಲಿಗೆ ಐದು ಹನಿ ಹಾಕಿ, ಯಂತ್ರದಲ್ಲಿ 30 ಸೆಕೆಂಡ್ ಅಲುಗಿಸಿದರೆ ಬೆಣ್ಣೆಯಂಥ ಮುದ್ದೆ. ದ್ರವದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವುದರಿಂದ ಹನ್ನೆರಡು ನಿಮಿಷದ ಹೊತ್ತಿಗೆ ಗಟ್ಟಿ. ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್, ಆದ್ದರಿಂದ ಕಲೆಯ ಭಯ ಕಡಿಮೆ. ಕೋಶಗಳ ವಿಷಯದಲ್ಲಿ ಗಟ್ಟಿಯಾದ ಎಂಟಿಎಗೂ ಇದಕ್ಕೂ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಕೊರತೆ: ಎಕ್ಸ್‌ರೇಯಲ್ಲಿ ಎಂಟಿಎಯಷ್ಟು ಬೆಳ್ಳಗೆ ಕಾಣುವುದಿಲ್ಲ.

ಈಗ ನಕ್ಕಾಗ ಕಾಣುವ ಮುಂಭಾಗದ ಹಲ್ಲಾದರೆ ಕಣ್ಣುಮುಚ್ಚಿ ಬಯೋಡೆಂಟಿನ್ ತೆಗೆದುಕೊಳ್ಳುತ್ತೇನೆ. ದವಡೆ ಹಲ್ಲಿಗೆ ಎಂಟಿಎ, ಬಯೋಡೆಂಟಿನ್ ಎರಡರಲ್ಲಿ ಯಾವುದಾದರೂ ಸರಿ. ತೆರೆದ ತಿರುಳಿನ ಮೇಲೆ ಹಳೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಇಡುವುದನ್ನು ಬಿಟ್ಟಿದ್ದೇನೆ. ಹತ್ತಿ ಒತ್ತಿ ಹಿಡಿದು ಹತ್ತು ನಿಮಿಷವಾದರೂ ರಕ್ತ ನಿಲ್ಲದಿದ್ದರೆ ಮೂರನ್ನೂ ಪಕ್ಕಕ್ಕಿಡುತ್ತೇನೆ. ಮೊದಲು ಊದಿಕೊಂಡ ತಿರುಳನ್ನು ಇನ್ನಷ್ಟು ತೆಗೆಯಬೇಕು.